ಉಯ್ಯಾಲೆಯ ಚೌಕಟ್ಟೂ ಹೀರೆಯ ಬಳ್ಳಿಯೂ

ಮಕ್ಕಳು ಬೆಳೆದು ದೊಡ್ಡವರಾದ ಮನೆಗಳ ಹಿತ್ತಿಲಲ್ಲಿ ಯಾರಿಗೂ ಬೇಡವಾಗಿ ಉಳಿದುಕೊಳ್ಳುವ ಆಟದ ಸಾಮಾನುಗಳ ಪೈಕಿ ಅತ್ಯಂತ ದೀರ್ಘಾಯುವಾದುದು ಉಯ್ಯಾಲೆಯ ಕಬ್ಬಿಣದ ಚೌಕಟ್ಟು. ಹಲಗೆ ಒಡೆದು, ಸರಪಳಿಗೆ ತುಕ್ಕು ಹಿಡಿದಿದ್ದರೂ, ಎರಡು ತುದಿಗಳಲ್ಲಿ ಕಾಲಗಲಿಸಿ ನಿಂತ ಜೋಡಿ ಕೊಳವೆಗಳೂ ಅವುಗಳ ನೆತ್ತಿಯನ್ನು ಕೂಡಿಸುವ ಅಡ್ಡಕಂಬಿಯೂ ಅಲುಗದೆ ನಿಂತಿರುತ್ತವೆ. ಗುಜರಿಯವನ ತಕ್ಕಡಿಗೆ ಅದು ಬರಿಯ ಕಬ್ಬಿಣ. ಆದರೆ ಅದು ಯಾವ ಬಲಗಳನ್ನು ತಾಳುವುದಕ್ಕಾಗಿ ಆ ಆಕಾರವನ್ನು ಪಡೆಯಿತೆಂಬುದನ್ನು ವಿಚಾರಿಸಿ ನೋಡಿದರೆ, ಹೀರೆ, ಹಾಗಲ, ಪಡವಲಗಳಿಗೆ ಅದಕ್ಕಿಂತ ಒಪ್ಪುವ ಚಪ್ಪರವನ್ನು ಹಣ ಕೊಟ್ಟು ಕಟ್ಟಿಸುವುದು ಕಷ್ಟವೆಂದು ತೋರುತ್ತದೆ.

20 ಕೆ.ಜಿ. ತೂಕದ ಮಗು ಉಯ್ಯಾಲೆಯಲ್ಲಿ ಸುಮ್ಮನೆ ಕುಳಿತಾಗ ಸರಪಳಿಗಳು ಹೊರುವುದು ಆ 20 ಕೆ.ಜಿ.ಯನ್ನು ಮಾತ್ರ; ಅದೇ ಮಗು ಲಂಬರೇಖೆಯಿಂದ 60 ಡಿಗ್ರಿಯವರೆಗೆ ಜೀಕಿ ಮರಳಿ ಇಳಿಯುವಾಗ, ದಾರಿಯ ಅತ್ಯಂತ ತಗ್ಗಿನ ಬಿಂದುವಿನಲ್ಲಿ, ಅದನ್ನು ಕಮಾನಿನ ಪಥದಲ್ಲಿ ಹಿಡಿದಿಡಲು ಬೇಕಾದ ಬಲವೂ ಕೂಡಿಕೊಳ್ಳುವುದರಿಂದ ಎಳೆತವು ಇಮ್ಮಡಿಯಾಗುತ್ತದೆ. ಇಷ್ಟೇ ಅಲ್ಲ, ಮಗು ಮುಂದೆ ಹೋದಾಗ ಅಡ್ಡಕಂಬಿಯನ್ನು ಮುಂದಕ್ಕೂ, ಹಿಂದೆ ಬಂದಾಗ ಹಿಂದಕ್ಕೂ ಜಗ್ಗುತ್ತದೆ. ಕಾಲುಗಳು ಜೀಕಿನ ದಿಕ್ಕಿನಲ್ಲಿಯೇ ಅಗಲಿಸಿಕೊಂಡಿರುವುದು ಈ ಜಗ್ಗಾಟಕ್ಕೆ ಚೌಕಟ್ಟು ಮಗುಚಬಾರದೆಂದು.

ಈಗ ಅಡ್ಡಕಂಬಿಯಿಂದ ನೆಲದವರೆಗೆ ಎರಡೂ ಇಳಿಜಾರುಗಳಲ್ಲಿ ಬಲೆ ಇಳಿಬಿಟ್ಟು ಬಳ್ಳಿ ಹಬ್ಬಿಸಿದೆವೆನ್ನಿ. ಕಾಯಿಗಳ ಭಾರ ಅಷ್ಟು ಲೆಕ್ಕಕ್ಕೆ ಬಾರದು. ನಿಜವಾದ ಶತ್ರು ಗಾಳಿ. ಗಂಟೆಗೆ 40 ಕಿ.ಮೀ. ವೇಗದ ಗಾಳಿ ತೆರಪಿಲ್ಲದ ಗೋಡೆಗೆ ನೇರವಾಗಿ ಬಡಿದರೆ ಚದರ ಮೀಟರಿಗೆ ಸುಮಾರು 7ರಿಂದ 8 ಕೆ.ಜಿ. ಭಾರದಷ್ಟು ಒತ್ತುತ್ತದೆ, ಎಲೆಗಳ ನಡುವೆ ಸಂದುಗಳಿರುವ ಕಾರಣ ಬಳ್ಳಿಯ ಮೇಲೆ ತುಸು ಕಡಿಮೆಯೆಂದು ಇಟ್ಟುಕೊಳ್ಳಬಹುದು. ಆ ಎಲೆಗೋಡೆಯ ಮುಖ ಯಾವ ಕಡೆಗಿದೆ? ಮಗು ಜೀಕುತ್ತಿದ್ದ ಕಡೆಗೇ. ಎಂದರೆ ಗಾಳಿ ಹೆಚ್ಚು ಬಲದಿಂದ ತಳ್ಳುವ ದಿಕ್ಕೂ ಚೌಕಟ್ಟು ಹೆಚ್ಚು ಭದ್ರವಾಗಿರುವ ದಿಕ್ಕೂ ಒಂದೇ. ಆಡುವ ಮಗುವಿನ ತೂಕವಾದರೋ ಕೆಳಮುಖವಾಗಿಯೂ ಎಳೆದು ಚೌಕಟ್ಟನ್ನು ನೆಲಕ್ಕೆ ಅದುಮುತ್ತಿತ್ತು. ಬಳ್ಳಿಗೆ ಆ ತೂಕವಿಲ್ಲದ ಕಾರಣ ಪ್ರತಿಯೊಂದು ಕಾಲನ್ನೂ ಗೂಟಕ್ಕೆ ಕಟ್ಟಿ ಬಿಗಿಯುವುದು ಅವಶ್ಯಕ. ಕಾಲುಗಳನ್ನು ಹಾಗೆಯೇ ಮಣ್ಣಿನಲ್ಲಿ ಹೂಳುವವರು, ಕೊಳವೆಗೆ ಮೊದಲು ತುಕ್ಕು ತಗಲುವುದು ನೆಲಮಟ್ಟದ ತೇವದಲ್ಲಿಯೇ ಎಂಬುದನ್ನು ಬಹಳ ತಡವಾಗಿ ಕಂಡುಕೊಳ್ಳುತ್ತಾರೆ. ಅಡಿಯಲ್ಲಿ ಚಪ್ಪಡಿ ಕಲ್ಲಿಡುವುದು ಲೇಸು.

ಬಲೆಯೇಕೆ, ಬಳ್ಳಿ ಕೊಳವೆಯನ್ನೇ ಹಿಡಿದು ಏರಲಾರದೇ ಎಂದು ಕೇಳಬಹುದು. ಏರಲಾರದು. ಹೀರೆಯು ಹಿಡಿಯುವುದು ದಾರದಷ್ಟು ತೆಳುವಾದ ಲತಾತಂತುಗಳಿಂದ. ನುಣುಪಾಗಿ ಬಣ್ಣ ಬಳಿದ ದಪ್ಪ ಕೊಳವೆಯನ್ನು ಅವು ಸುತ್ತಿ ಬಿಗಿಯಲಾರವು, ತೆಂಗಿನ ನಾರಿನ ಹುರಿಯನ್ನಾದರೆ ಕೆಲವೇ ತಾಸುಗಳಲ್ಲಿ ಬಿಗಿದುಬಿಡುತ್ತವೆ. ಆಮೇಲಿನ ಕಾರ್ಯವೇ ಹೆಚ್ಚು ಅದ್ಭುತವಾದುದು. ತುದಿ ಹುರಿಗೂ ಬುಡ ಕಾಂಡಕ್ಕೂ ಬಂಧಿತವಾದ ಬಳಿಕ ನಡುವಿನ ಭಾಗ ಸುರುಳಿಯಾಗತೊಡಗುತ್ತದೆ. ಆದರೆ ಎರಡು ತುದಿಗಳೂ ತಿರುಗಲಾರದ ಕಾರಣ, ಅರ್ಧ ಸುರುಳಿ ಬಲಕ್ಕೆ ಸುತ್ತಿದರೆ ಉಳಿದರ್ಧ ಎಡಕ್ಕೆ ಸುತ್ತಲೇಬೇಕು. ಬೆಳಗಿನ ಬೆಳಕಿನಲ್ಲಿ ಒಂದು ತಂತುವನ್ನು ಕಣ್ಣಿನ ಬಳಿ ತಂದು ನೋಡಿದರೆ, ಮಧ್ಯದಲ್ಲಿ ದಿಕ್ಕು ಬದಲಾಯಿಸುವ ಆ ಚಿಕ್ಕ ನೇರ ತುಂಡು ಸ್ಪಷ್ಟವಾಗಿ ಕಾಣುತ್ತದೆ. ಚಾರ್ಲ್ಸ್ ಡಾರ್ವಿನ್ನನು 1865ರಲ್ಲಿ ಪ್ರಕಟಿಸಿದ ಹಬ್ಬುಬಳ್ಳಿಗಳ ಪ್ರಬಂಧದಲ್ಲಿ ಈ ವಿಚಾರವನ್ನು ವಿವರಿಸಿದ್ದಲ್ಲದೆ, ಹೀರೆಯ ಕುಲಕ್ಕೇ ಸೇರಿದ ಬ್ರಯೋನಿ ಎಂಬ ಇಂಗ್ಲೆಂಡಿನ ಬೇಲಿಬಳ್ಳಿಯನ್ನು ನೋಡಲು ಬಿರುಗಾಳಿ ಬೀಸುವಾಗ ಬೇಕೆಂದೇ ಹೊರಟು, ಸುರುಳಿಗಳು ಹಿಗ್ಗಿ ಕುಗ್ಗುತ್ತ ಬಳ್ಳಿಯನ್ನು ಕಾಪಾಡುವುದನ್ನು ಕಂಡನು. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸೌತೆಯ ತಂತುವಿನೊಳಗೆ ನಾರುಕೋಶಗಳ ಪಟ್ಟಿಯೊಂದಿರುವುದನ್ನೂ, ಅದರ ಒಂದು ಮಗ್ಗುಲು ಹೆಚ್ಚು ಕುಗ್ಗುವುದರಿಂದ ತಂತು ಸುರುಳಿಗೊಳ್ಳುವುದನ್ನೂ, ಬಲಿತ ತಂತುವನ್ನು ಎಳೆದರೆ ಅದು ಬಿಚ್ಚಿಕೊಳ್ಳುವುದಕ್ಕೆ ಬದಲಾಗಿ ಮೊದಲು ಇನ್ನಷ್ಟು ಸುತ್ತಿಕೊಳ್ಳುವುದನ್ನೂ ತೋರಿಸಿದರು. ಚೌಕಟ್ಟು ಅಲುಗದೆ ಗಾಳಿಯನ್ನು ಎದುರಿಸಿದರೆ, ತಂತು ಅಲುಗುತ್ತ ಎದುರಿಸುತ್ತದೆ.

ಹಳೆಯ ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣ ಚಕ್ಕೆಯೆದ್ದಿದ್ದರೆ, ತರಕಾರಿಯ ಪಾತಿಯ ಮೇಲೆಯೇ ಅದನ್ನು ಉಜ್ಜಿ ಉದುರಿಸತಕ್ಕದ್ದಲ್ಲ. ಹಲಗೆಯ ಬದಲು ಟೈರು ನೇತುಹಾಕಿದ್ದರೆ ಅದನ್ನು ಹೂಕುಂಡ ಮಾಡುವ ಆಸೆ ಹಲವರಿಗೆ. ತೂತು ಕೊರೆಯದ ಟೈರಿನ ಒಳಬಾಯಲ್ಲಿ ನಿಂತ ಮಳೆನೀರು ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ತವರುಮನೆ, ಅದರ ಮೊಟ್ಟೆಗಳೋ ನೀರಾರಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ನನ್ನನ್ನು ಕೇಳಿದರೆ ಟೈರನ್ನು ಗುಜರಿಗೆ ಕೊಟ್ಟುಬಿಡಿ ಎನ್ನುವೆನು.

ಪಡವಲಕ್ಕೆ ಅಡ್ಡಕಂಬಿಯ ಎತ್ತರವೇ ವರ. ಎಳೆಗಾಯಿಯ ತುದಿಗೆ ಸಣ್ಣ ಕಲ್ಲನ್ನು ದಾರದಿಂದ ಕಟ್ಟಿದರೆ ಅದು ಡೊಂಕಾಗದೆ, ನೆಲವನ್ನೂ ಮುಟ್ಟದೆ ನೇರವಾಗಿ ಇಳಿಯುತ್ತದೆ. ಕಾಯಿ ಮುಗಿದು ಬಳ್ಳಿ ಒಣಗಿದಾಗ ತಂತುಗಳು ತಂತಿಯಂತೆ ಗಡುಸಾಗಿರುವುದರಿಂದ, ಅವನ್ನು ಬಿಡಿಸಹೋದರೆ ಬಲೆಯೇ ಹರಿಯುವುದು ನಿಶ್ಚಯ. ಬಲೆ ತೆಂಗಿನ ನಾರಿನದಾದರೆ ಬಳ್ಳಿಯ ಸಮೇತ ಕತ್ತರಿಸಿ ತಿಪ್ಪೆಗೆ ಹಾಕಿ, ಬರಿದಾದ ಚೌಕಟ್ಟಿನ ಬೋಲ್ಟುಗಳನ್ನು ಬಿಗಿಗೊಳಿಸಿ, ಮುಂಗಾರಿಗೆ ಹೊಸ ಹುರಿ ಕಟ್ಟಬಹುದು.