ಹವಾ ಮುನ್ಸೂಚನೆಯನ್ನು ಕೇಳಿ ಪಡೆಯುವ ಕ್ರಮ

ಕಳೆದ ಮಳೆಗಾಲದಿಂದ ನಮ್ಮ ವಾಚನಾಲಯದ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಮರುದಿನದ ಮಳೆಯ ಸೂಚನೆಯನ್ನು ಬರೆಯುತ್ತಿರುವುದು ವಾಚಕ ಬಂಧುಗಳಿಗೆ ತಿಳಿದೇ ಇದೆ. ಠಾಕುರ್ಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರಿಗೂ ಪಾಳಿಯ ಮೇಲೆ ದುಡಿಯುವವರಿಗೂ ಅನುಕೂಲವಾಗಲೆಂಬುದೇ ಅದರ ಉದ್ದೇಶ. ಈ ಸೂಚನೆ ಎಲ್ಲಿಂದ ಬರುತ್ತದೆ, ಅದನ್ನು ಪಡೆಯುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ನಮ್ಮಿಂದಾದ ಒಂದು ತಪ್ಪನ್ನೂ ಮುಚ್ಚಿಡದೆ ಇಲ್ಲಿ ವಿವರಿಸುತ್ತೇವೆ.

ಇಂದು ಹವೆಯ ಲೆಕ್ಕಾಚಾರವನ್ನು ದೊಡ್ಡ ಕಂಪ್ಯೂಟರುಗಳು ಮಾಡುತ್ತವೆ. ಅವು ಎಲ್ಲೋ ದೂರದಲ್ಲಿದ್ದು, ಇಂಟರ್ನೆಟ್ಟಿನ ಮೂಲಕ ಕೇಳಿದವರಿಗೆ ಉತ್ತರ ಕೊಡುತ್ತವೆ. ಇಂಥ ಏರ್ಪಾಡಿಗೆ ‘ಕ್ಲೌಡ್’, ಅಂದರೆ ಮೋಡ ಎಂದು ಹೆಸರು. ಈ ಮೋಡ ತಾನು ಮಳೆ ಸುರಿಸದು. ಮಳೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ನಾವು ಬಳಸುವುದು ಓಪನ್-ಮೀಟಿಯೋ ಎಂಬ ಸೇವೆ. ವ್ಯಾಪಾರಕ್ಕಲ್ಲದ ಉಪಯೋಗಕ್ಕೆ ಇದು ಉಚಿತ. ಹೆಸರು ನೋಂದಾಯಿಸುವ ಅಗತ್ಯವಿಲ್ಲ.

ಕೇಳುವ ಕ್ರಮ ಆಫೀಸಿಗೆ ಅರ್ಜಿ ಹಾಕಿದಂತೆಯೇ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದರೆ ಸಾಕು. ಯಾವ ಸ್ಥಳ ಎಂಬುದಕ್ಕೆ ಅಕ್ಷಾಂಶ, ರೇಖಾಂಶ ಕೊಡಬೇಕು. ಠಾಕುರ್ಲಿಗೆ ಸುಮಾರು ೧೯.೨೨ ಮತ್ತು ೭೩.೧೦. ಬೇಕಾದದ್ದು ಗಂಟೆಗಂಟೆಯ ಮಳೆ ಎಂದು ತಿಳಿಸಬೇಕು. ಕ್ಷಣದಲ್ಲಿ ಉತ್ತರ ಬರುತ್ತದೆ. ಅದು ಲೆಡ್ಜರಿನ ಎರಡು ಕಾಲಮುಗಳಂತೆ: ಒಂದರಲ್ಲಿ ವೇಳೆ, ಇನ್ನೊಂದರಲ್ಲಿ ಮಳೆ. ಏಳು ದಿನಕ್ಕೆ ಒಟ್ಟು ೧೬೮ ಸಾಲು. ಹತ್ತನೆಯ ವೇಳೆಗೆ ಹತ್ತನೆಯ ಅಂಕಿಯೇ ಸೇರಬೇಕು. ಒಂದು ಸಾಲು ಜಾರಿದರೂ ಲೆಕ್ಕವೆಲ್ಲ ಕೆಟ್ಟಂತೆ.

ನಾವು ಎಡವಿದ್ದು ಇನ್ನೊಂದು ಕಡೆ. ಒಂದು ದಿನ ಹಲಗೆಯ ಮೇಲೆ “ನಾಳೆ ಮಧ್ಯಾಹ್ನ ೧೨ಕ್ಕೆ ಜೋರು ಮಳೆ, ಸಂಜೆಗೆ ಇಳಿತ” ಎಂದು ಬರೆದೆವು. ಮರುದಿನ ಮಧ್ಯಾಹ್ನದ ಪಾಳಿಯ ಬಂಧುವೊಬ್ಬರು, ಮಳೆ ಬಂದು ಹೋಗಲೆಂದು ಮನೆಯಲ್ಲೇ ಕಾದರು. ಗೇಟು ಮುಚ್ಚಿತು, ಒಂದು ದಿನದ ಕೂಲಿ ಹೋಯಿತು. ಅವರು ನೇರವಾಗಿ ವಾಚನಾಲಯಕ್ಕೆ ಬಂದು, “ಹೊರಗ ಬಿಸಿಲು ಬಿದ್ದೈತಿ. ಮಳಿ ನಿಮ್ಮ ಹಲಗಿ ಮ್ಯಾಲಷ್ಟ ಬಂದೈತಿ ಏನ್ರೀ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆ ಬಂದದ್ದು ಸಂಜೆ ಐದೂವರೆಗೆ, ಜನ ಮನೆಗೆ ಮರಳುವ ಹೊತ್ತಿಗೆ.

ಮುನ್ಸೂಚನೆ ತಪ್ಪಿರಲಿಲ್ಲ, ನಮ್ಮ ಅರ್ಜಿ ಅಪೂರ್ಣವಾಗಿತ್ತು. ಯಾವ ಕಾಲಮಾನ ಬೇಕೆಂದು ಹೇಳದಿದ್ದರೆ ಈ ಸೇವೆ ಗ್ರೀನ್‌ವಿಚ್ ಕಾಲದಲ್ಲಿ ಉತ್ತರಿಸುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಉತ್ತರದ ಮೇಲ್ಭಾಗದಲ್ಲೇ ‘ಜಿಎಂಟಿ’ ಎಂದಿತ್ತು. ನಾವು ಅಂಕಿಗಳನ್ನು ಮಾತ್ರ ಓದಿದ್ದೆವು. ಈಗ ಅರ್ಜಿಯಲ್ಲಿ ‘ಏಷ್ಯಾ/ಕೋಲ್ಕತಾ’ ಎಂಬ ಕಾಲಮಾನವನ್ನು ತಪ್ಪದೆ ಸೇರಿಸುತ್ತೇವೆ.

ಆದ್ದರಿಂದ ಅಂಕಿಗಿಂತ ಮೊದಲು ಅದರ ವಿವರಗಳನ್ನು ಓದಬೇಕು. ಸಂಜೆ ೬ರ ಎದುರಿಗಿರುವ ಮಳೆ, ೫ರಿಂದ ೬ರ ವರೆಗೆ ಬೀಳುವ ಮಳೆ. ಸಂಭವ ಶೇಕಡಾ ೮೦ ಎಂದರೆ ಮಳೆ ಜೋರೆಂದು ಅರ್ಥವಲ್ಲ. ಆ ಗಂಟೆಯಲ್ಲಿ ೦.೧ ಮಿಲಿಮೀಟರಿಗಿಂತ ಹೆಚ್ಚು ಬೀಳುವ ಸಂಭವ ಅಷ್ಟಿದೆ ಎಂದರ್ಥ. ಉತ್ತರದಲ್ಲಿ ‘ಜನರೇಷನ್ ಟೈಮ್’ ಎಂದೊಂದು ಅಂಕಿ ಇರುತ್ತದೆ. ಅದು ಮುನ್ಸೂಚನೆ ತಯಾರಾದ ವೇಳೆಯಲ್ಲ, ಉತ್ತರ ಸಿದ್ಧಪಡಿಸಲು ಹಿಡಿದ ಮಿಲಿಸೆಕೆಂಡುಗಳು. ಕೊನೆಯದಾಗಿ, ಉತ್ತರದಲ್ಲಿ ಬರುವ ಅಕ್ಷಾಂಶ, ರೇಖಾಂಶಗಳು ನಾವು ಕೊಟ್ಟವುಗಳಿಗಿಂತ ತುಸು ಬೇರೆ ಇರಬಹುದು. ಲೆಕ್ಕವನ್ನು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಮಾಡುವುದೇ ಇದಕ್ಕೆ ಕಾರಣ. ನಮ್ಮ ಚಾಳಿಗೇ ಪ್ರತ್ಯೇಕ ಸೂಚನೆ ಸಿಗದು.

ಸ್ಥಳದ ಅಂತರ ಸಣ್ಣ ಮಾತಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು; ಅದೇ ಮುಂಬಯಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು ೭೩ ಮಾತ್ರ. ಆದಕಾರಣ ಪ್ರಾಣಾಪಾಯದ ಪ್ರಶ್ನೆ ಬಂದಾಗ ನಮ್ಮ ಹಲಗೆಯನ್ನು ನೆಚ್ಚದೆ, ೧೮೭೫ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯು ಠಾಣೆ ಜಿಲ್ಲೆಗೆ ಕೊಡುವ ಎಚ್ಚರಿಕೆಯನ್ನೇ ನೋಡಬೇಕು. ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿಗೆ ಗಮನವಿರಲಿ, ಕಿತ್ತಳೆಗೆ ಸಿದ್ಧರಾಗಿರಿ, ಕೆಂಪಿಗೆ ಕೂಡಲೇ ಕ್ರಮ ಕೈಗೊಳ್ಳಿ.

ಈಗ ಹಲಗೆಯ ಮೇಲೆ ಸ್ಥಳ, ಭಾರತೀಯ ಕಾಲಮಾನ, ಮಳೆಯ ಪ್ರಮಾಣ, ನಾವು ಕೇಳಿದ ವೇಳೆ ಈ ನಾಲ್ಕನ್ನೂ ಬರೆಯುತ್ತೇವೆ. ಯಾವುದಾದರೂ ಒಂದು ಬಿಟ್ಟಿದ್ದರೆ ಉಳಿದುದನ್ನು ನಂಬಬೇಡಿ. ಒಳಗೆ ಬಂದು ನಮ್ಮನ್ನು ಕೇಳಿ. ಕೂಲಿ ಕಳೆದುಕೊಂಡ ಆ ಬಂಧುವೇ ಈಗ ದಿನಾಲು ನಿಂತು ಹಲಗೆಯನ್ನು ತಾಳೆ ನೋಡಿ ಹೋಗುತ್ತಾರೆ. ಅವರಿಗೆ ನಾವು ಋಣಿಗಳು.