ತಮಟೆ ಬಡಿದವನಿಗೆ ಡೈಲಾಗೇ ಕೇಳಿಸಲಿಲ್ಲ!

ಶುಕ್ರವಾರ, ಬೆಳಗಿನ ಆರು ಗಂಟೆ. ಜಯನಗರದ ಚಿತ್ರಮಂದಿರವೊಂದರ ಮುಂದೆ ಕಟೌಟಿಗೆ ಹಾಲಿನ ಅಭಿಷೇಕ, ಹೂವಿನ ಹಾರ, ಪಟಾಕಿ! 4ನೇ ಬ್ಲಾಕಿನಲ್ಲಿ ಪುಟ್ಟಣ್ಣ ಚಿತ್ರಮಂದಿರ ಇದ್ದ ಕಾಲದಿಂದಲೂ ನಾನು ಈ ಸಂಭ್ರಮ ನೋಡಿದವನೇ. ಅವತ್ತು ಮಾತ್ರ ನನ್ನ ಕಣ್ಣು ಬಿದ್ದದ್ದು ಹೀರೋ ಮೇಲಲ್ಲ, ಮೂಲೆಯಲ್ಲಿ ಕಾಗದ ಉರಿಸಿ ತಮಟೆ ಕಾಯಿಸುತ್ತಿದ್ದ ಹಿರಿಯರೊಬ್ಬರ ಮೇಲೆ.

"ಯಜಮಾನ್ರೇ, ಎಷ್ಟು ವರ್ಷದಿಂದ ಬಡೀತಿದ್ದೀರಿ?" ಅಂದೆ. ಉತ್ತರವಿಲ್ಲ. ಪಕ್ಕದ ಹುಡುಗ ನಕ್ಕ: "ಅವರಿಗೆ ಕಿವಿ ಮಂದ ಸಾರ್, ಎದುರಿಗೆ ನಿಂತು ಮಾತಾಡಿ."

ನಿಂತೆ. "ಮೂವತ್ತು ವರ್ಸ ಆಯ್ತು ಸಾ. ಮಲಗಿದ್ರೂ ಕಿವೀಲಿ ಗುಂಯ್ ಅಂತದೆ. ಮೊನ್ನೆ ಮೊಮ್ಮಗಳ ಜತೆ ಪಿಚ್ಚರ್‌ಗೆ ಹೋದೆ. ಸದ್ದು ಕೇಳ್ತದೆ, ಮಾತು ಗೊತ್ತಾಗಕಿಲ್ಲ. ಎಲ್ಲಾರೂ ನಕ್ಕಾಗ ನಾನೂ ನಕ್ಕೆ, ಅಷ್ಟೇಯ."

ಅಯ್ಯೋ! ಊರಿಗೆಲ್ಲ ಸಿನಿಮಾ ಬಂತೆಂದು ಸಾರಿದವರಿಗೆ ಸಿನಿಮಾದ ಮಾತೇ ಇಲ್ಲ!

ಹೀಗೇಕೆ? ನಮ್ಮ ಒಳಗಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚು ಸದ್ದು ಹಿಡಿಯುವ ಕೋಶಗಳು. ಆಗ 'ಸ', 'ತ' ಮುಂತಾದ ಅಕ್ಷರಗಳು ಜಾರುತ್ತವೆ. ದನಿ ಕೇಳಿದರೂ ಮಾತು ತಿಳಿಯದು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬುದು ತಜ್ಞರ ಲೆಕ್ಕ. 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕರ್ಧ! 100 ಆದರೆ ಬರೀ 15 ನಿಮಿಷ. ತಮಟೆ ಗುಂಪಿನ ನಡುವೆ ಅಷ್ಟು ಸದ್ದು ಸುಲಭವಾಗಿ ಆಗುತ್ತದೆ. ಇವರು ಬಡಿಯುವುದೋ ಗಂಟೆಗಟ್ಟಲೆ!

ಶಬ್ದದಿಂದ ಬರುವ ಕಿವುಡು ಕಾರ್ಖಾನೆಯವರ ಮಟ್ಟಿಗೆ ಕಾನೂನಿನ ರೋಗಪಟ್ಟಿಯಲ್ಲಿದೆ. ಬೀದಿಯಲ್ಲಿ ಬಡಿಯುವವರನ್ನು ಕೇಳೋರ್ಯಾರು?

ಪರಿಹಾರವೇನೂ ದುಬಾರಿಯಲ್ಲ. ಸ್ಪಂಜಿನಂಥ ಕಿವಿಬಿರಡೆ ಸಾಕು, ಹತ್ತಿ ಪ್ರಯೋಜನವಿಲ್ಲ. ಬಿರಡೆಯನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು ತೂರಿಸಬೇಕು. ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ನಡುನಡುವೆ ಸದ್ದಿನಿಂದ ದೂರ ಹೋಗಿ ಕೂತರೆ ಇನ್ನೂ ಒಳ್ಳೆಯದು. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ಶ್ರವಣ ಪರೀಕ್ಷೆಯ ವಿಭಾಗವಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1966ರಿಂದ ಇದೇ ಕೆಲಸದಲ್ಲಿದೆ.

ಅಭಿಮಾನಿ ಮಿತ್ರರೇ, ಅಣ್ಣಾವ್ರು ನಿಮ್ಮನ್ನು ದೇವರುಗಳೆಂದೇ ಕರೆದರು. ಮುಂದಿನ ಶುಕ್ರವಾರ ತಮಟೆಯವರಿಗೆ ಅಡ್ವಾನ್ಸ್ ಕೊಡುವಾಗ ಆಳಿಗೊಂದು ಜೊತೆ ಬಿರಡೆಯನ್ನೂ ಕೊಡಿ. ದೇವರ ಮುಂದೆ ಬಡಿಯುವವರ ಕಿವಿ ಕಾಯುವುದೂ ದೇವರ ಕೆಲಸವೇ ಅಲ್ಲವೇ?