ಕುರಿ ಎಣಿಸುವ ಡ್ರೋನ್

ಹಿರಿಯೂರಿನಿಂದ ಚಿತ್ರದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಲೇ ಜಾರ್ಜ್ ಆರ್ವೆಲ್‌ನ ‘1984’ ಓದಿ ಮುಗಿಸಿದೆ. 1949ರಲ್ಲಿ ಬಂದ ಕಾದಂಬರಿ. ಅದರಲ್ಲಿ ಮನೆಯೊಳಗಿನ ಪರದೆಯೇ ಮನೆಯವರನ್ನು ನೋಡುತ್ತಿರುತ್ತದೆ. ತಲೆ ಎತ್ತಿದರೆ ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್, ನನ್ನದೂ ಸೇರಿ!

‘ರೋಬೋ’ ಎಂಬ ಪದ ಬಂದದ್ದೂ ಪ್ರಯೋಗಾಲಯದಿಂದಲ್ಲ, 1920ರಲ್ಲಿ ಕರೆಲ್ ಚಾಪೆಕ್ ಬರೆದ ನಾಟಕದಿಂದ. ನಮ್ಮ ಜಿಲ್ಲೆಯನ್ನೇ ನೋಡಿ. 2024ರ ಮಾರ್ಚ್‌ನಲ್ಲಿ ಚಳ್ಳಕೆರೆ ಬಳಿಯ ರನ್‌ವೇಯಲ್ಲಿ ಪೈಲಟ್ ಇಲ್ಲದೆ ಇಳಿದ ಇಸ್ರೊ ವಾಹನದ ಹೆಸರು ‘ಪುಷ್ಪಕ್’, ಅಜ್ಜಿ ಹೇಳುತ್ತಿದ್ದ ರಾಮಾಯಣದ ವಿಮಾನ! ಅದೇ ಸೀಮೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಕೈತಪ್ಪುತ್ತದೆಂದು ಕುರಿಗಾಹಿಗಳು ಹೋರಾಡಿದ್ದರು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು.

ಬಿ.ಇ. ಮೂರನೇ ವರ್ಷದ ನಮ್ಮ ಪ್ರಾಜೆಕ್ಟ್ ಕೂಡ ಡ್ರೋನೇ. ಮೇಲಿಂದ ಕುರಿ ಎಣಿಸುವುದು ಅದರ ಕೆಲಸ. ಹೊಳಲ್ಕೆರೆ ಕಡೆಯ ಮಾವನ ಮಂದೆ ಮೇಲೆ ಹಾರಿಸಿದಾಗ ಅವರು ಕೇಳಿದ್ದು ಒಂದೇ: ‘ಕುರಿ ಅಷ್ಟೇ ಕಾಣ್ತಾವೋ, ನಾನೂ ಕಾಣ್ತೀನೋ?’

ಕಾಣುತ್ತಿದ್ದರು, ರುಮಾಲು ಸಮೇತ.

ಆರ್ವೆಲ್ ಓದಿರದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆ ರಾತ್ರಿ ಗೆಳೆಯನೊಂದಿಗೆ ಕೂತು, ಮನುಷ್ಯರು ಕಂಡರೆ ಚಿತ್ರ ಮಸುಕಾಗುವಂತೆ ಪ್ರೋಗ್ರಾಂ ತಿದ್ದಿದೆವು. ಇದಕ್ಕೆ ಅಂಕವೇನೂ ಸಿಗದಂತೆ. ಎಣಿಕೆಯೂ ಕೊಂಚ ನಿಧಾನವಾಗಿದೆ. ಮಾವ ಮಾತ್ರ ‘ಇನ್ನೊಂದ್ಸಲ ಹಾರಿಸು ಬಾರೋ’ ಅಂದಿದ್ದಾರೆ.